ಜಾಮೀನು ಸಹಿ

ಹಂಟಿಂಗ್ಟನ್ನಿನ ಲಾಂಡ್ರಿಯಂಗಡಿಯ ಮೇಲೊಂದು ಕೋಣೆ.
ಕೆಳಗೆ ಯಾರದೋ ಬಟ್ಟೆ ರಾತ್ರಿಯಿಡೀ ತಿರುಗುತ್ತದೆ,
ಮೇಲೆ ನನ್ನ ಬಡ್ಡಿ.
ಅದಕ್ಕೆ ಭಾನುವಾರವಿಲ್ಲ, ಕ್ರಿಸ್‌ಮಸ್ ರಜೆಯಿಲ್ಲ.
ನಾನು ಮೂತ್ರಪಿಂಡದ ನಾಳಗಳನ್ನು ಉರುಹೊಡೆಯುತ್ತ
ಮಧ್ಯದಲ್ಲೆಲ್ಲೋ ತಪ್ಪಿ ತೂಕಡಿಸುವಾಗ
ಅದು ತನ್ನ ಪಾಠ ತಪ್ಪದೆ ಒಪ್ಪಿಸುತ್ತದೆ:
ದಿನಕ್ಕೆ ಮೂವತ್ತೊಂದು ಡಾಲರು, ನಲವತ್ತು ಸೆಂಟು.

ಬದುಕಲು ಕಲಿತಿದ್ದೇನೆ.
ಬಿಳಿ ಕೋಟಿನ ಜೇಬು ಒಳ್ಳೆಯ ಉಗ್ರಾಣ,
ಮಧ್ಯಾಹ್ನದ ಉಪನ್ಯಾಸದಲ್ಲಿ ಹಂಚಿದ ಸ್ಯಾಂಡ್‌ವಿಚ್
ಎರಡು ಹಿಡಿಯುತ್ತದೆ, ಒತ್ತಿದರೆ ಮೂರು.
ಸ್ಟೆತಾಸ್ಕೋಪು ಸೆಕೆಂಡ್ ಹ್ಯಾಂಡು, ಅದರ ಮೇಲೆ
ಯಾರೋ ಪ್ಲಾಟ್ನಿಕ್ ಎಂಬವನ ಹೆಸರು ಕೆತ್ತಿದೆ.
ರೋಗಿಗಳು ನನ್ನನ್ನು ಹಾಗೇ ಕರೆಯುತ್ತಾರೆ.
ಓಗೊಡುತ್ತೇನೆ.
ಅವನ ಸಾಲ ತೀರಿತೋ ಇಲ್ಲವೋ.

ವರ್ಲಿನ್ ಸ್ಟಿಲ್ಟ್ನರ್ ನನ್ನ ಅಪ್ಪನಲ್ಲ.
ಅಮ್ಮನ ಎರಡನೆಯ ಗಂಡ.
ಅಮ್ಮ ನಮ್ಮಿಬ್ಬರನ್ನೂ ಬಿಟ್ಟು ಫ್ಲಾರಿಡಾಕ್ಕೆ ಹೋದಾಗ
ಅವನು ನನಗೆ, ನಾನು ಅವನಿಗೆ ಉಳಿದೆವು.
ನಮ್ಮ ನಡುವೆ ತೊಟ್ಟು ರಕ್ತಸಂಬಂಧವಿಲ್ಲ,
ಇರುವುದು ಕಾಗದದ ಸಂಬಂಧ:
ಸಾಲ ನನ್ನದು, ಜಾಮೀನು ಅವನದು.
ಶಾಲೆಯ ಬಸ್ಸು ಓಡಿಸುತ್ತಾನೆ, ಹದಿನಾಲ್ಕನೇ ನಂಬರು,
ನಲವತ್ತೆರಡು ಮಕ್ಕಳು, ಗುಡ್ಡ ಸುತ್ತುವ ರಸ್ತೆ,
ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ.

ಪ್ರತಿ ಆಗಸ್ಟಿಗೆ ಅಡುಗೆಮನೆಯ ಮೇಜೊರಸಿ
ಕಾಗದ ಹರಡಿಕೊಂಡು ಕೂರುತ್ತಾನೆ.
'ಓದಿ ನೋಡಲ್ವಾ?' ಅಂದರೆ
'ಓದಿದ್ರೆ ಸಹಿ ಹಾಕೋ ಧೈರ್ಯ ಉಳಿಯಲ್ಲ, ಟ್ಯಾನ್ಸಿ.'

ಈ ಫೆಬ್ರವರಿ, ನರರೋಗ ವಾರ್ಡು.
ಡಾಕ್ಟರ್ ಓಬ್ರೆಗನ್ ಒಬ್ಬ ಮುದುಕಿಗೆ ಪೆನ್ನು ಕೊಟ್ಟು
ಒಂದು ವಾಕ್ಯ ಬರೆಯಲು ಹೇಳಿದರು, ಯಾವುದಾದರೂ ಸರಿ.
'ನನ್ನ ಬೆಕ್ಕಿಗೆ ಯಾರು ಊಟ ಹಾಕುತ್ತಿದ್ದಾರೆ'
ಎಂದು ಬರೆದಳು. ಬೆಕ್ಕು ಬೆಕ್ಕಿನಷ್ಟಿತ್ತು,
ಊಟ ಇಲಿಯಷ್ಟು,
ಕೊನೆಯ ಪದ ಇರುವೆಸಾಲು.
ಡಾಕ್ಟರು ಕಾರಿಡಾರಿಗೆ ಬಂದು ಹೇಳಿದರು:
ಕೆಲವರಿಗೆ ಕೈ ನಡುಗುವ ಮೊದಲೇ ಅಕ್ಷರ ಕುಗ್ಗುತ್ತದೆ.
ಬರೆದುಕೊಂಡೆ. ಪರೀಕ್ಷೆಗೆ ಬರಬಹುದು.

ರಾತ್ರಿ ಬಡ್ಡಿಯ ಲೆಕ್ಕಕ್ಕೆಂದು ಶೂ ಡಬ್ಬಿ ತೆಗೆದೆ.
ಮೂರು ವರ್ಷದ ಕಾಗದ, ಮೂರು ಸಹಿ.
ಮೊದಲನೆಯದು ಗೆರೆ ದಾಟಿ, ಅಂಚು ದಾಟಿ,
ಹದ್ದು ರೆಕ್ಕೆ ಬಿಚ್ಚಿದಂಥ ವರ್ಲಿನ್.
ಎರಡನೆಯದು ಗೆರೆಯ ಮೇಲೆ ಸಭ್ಯವಾಗಿ ಕೂತಿತ್ತು.
ಮೂರನೆಯದಕ್ಕೆ ದೀಪ ಹತ್ತಿರ ಎಳೆದುಕೊಳ್ಳಬೇಕಾಯಿತು.
ಮೇಲೆ ಮೊತ್ತ ಹಿಗ್ಗುತ್ತ ಬಂದ ಹಾಳೆಗಳಲ್ಲೇ
ಕೆಳಗೆ ಅವನು ಸಣ್ಣಗಾಗುತ್ತ ಬಂದಿದ್ದ.
ನಾನು ಎಣಿಸುತ್ತಿದ್ದದ್ದು ಮೇಲಿನದನ್ನು ಮಾತ್ರ.

ಫೋನು ಮಾಡಿದೆ. ಕೈಯ ಸುದ್ದಿ ಎತ್ತಲಿಲ್ಲ.
'ಬೆಳಿಗ್ಗೆ ಕಾಫಿಯ ಘಮ ಬರುತ್ತಾ?'
ನಕ್ಕ. 'ಎರಡು ವರ್ಷ ಆಯ್ತು, ಯಾವ ವಾಸನೇನೂ ಇಲ್ಲ.
ಒಳ್ಳೇದೇ ಬಿಡು, ಬಸ್ಸಲ್ಲಿ ಮಕ್ಕಳು ವಾಂತಿ ಮಾಡಿದರೂ
ನನಗೆ ಗೊತ್ತಾಗಲ್ಲ.'

ನನಗೆ ಗೊತ್ತಾಯಿತು.
ಬಸ್ಸು ನಿಂತರೆ ಸಂಬಳ ನಿಲ್ಲುತ್ತದೆ,
ಸಂಬಳ ನಿಂತರೆ ಅವನ ಸಹಿಗೆ ಬೆಲೆಯಿಲ್ಲ,
ನಾಲ್ಕನೆಯ ಸಹಿ ಇನ್ನೂ ಬಾಕಿಯಿದೆ.
ಈ ಲೆಕ್ಕವನ್ನು ನಾನು ಮಾಡಿದೆ. ಮುಚ್ಚಿಡುವುದಿಲ್ಲ.
ನಲವತ್ತೆರಡು ಮಕ್ಕಳು ನೆನಪಾದದ್ದು
ಅದಾದ ಮೇಲೆ.

'ಭಾನುವಾರ ಬರ್ತೀನಿ' ಅಂದೆ.
ಹೋಗಿಬರಲು ಪೆಟ್ರೋಲಿಗೆ ಹದಿನೆಂಟು ಡಾಲರು.
ಸೋಮವಾರ ಆರಕ್ಕೆ ಬಸ್ಸು ಹೊರಡುತ್ತದೆ.
'ಆಗಸ್ಟು ಇನ್ನೂ ದೂರ ಇದೆಯಲ್ಲ,' ಅಂದ,
'ಈಗಲೇ ಏನು ಸಹಿ?'
ಸಹಿಯಲ್ಲ, ನನ್ನ ಮುಂದೆ ಒಂದು ವಾಕ್ಯ ಬರೆಯಬೇಕು, ಅಷ್ಟೇ.
'ಪರೀಕ್ಷೆ ನಿನಗೋ ನನಗೋ?'
ಕೆಳಗೆ ಯಂತ್ರವೊಂದು ತಿರುಗಿ ತಿರುಗಿ ನಿಂತಿತು.
ಅವನೇ ಮತ್ತೆ ಕೇಳಿದ, ದನಿ ತಗ್ಗಿಸಿ:
'ಎಷ್ಟುದ್ದದ ವಾಕ್ಯ?'